ನೋಡುವ ಕೆಲಸಕ್ಕೆ ಕಾಲಂ ಇಲ್ಲ

ಆಶಾ ಕಾರ್ಯಕರ್ತೆಯರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗೌರವ ಸಂದಾಗ ನಮ್ಮಲ್ಲಿ ಬಂದ ಬರಹಗಳನ್ನು ಸಂತೋಷದಿಂದಲೇ ಓದಿದೆ. ಅವರಿಗೆ ಸಲ್ಲಬೇಕಾದ ಗೌರವವೇ ಅದು. ಆದರೆ ನಾನು ಓದಿದ ಯಾವುದರಲ್ಲೂ ಆರೋಗ್ಯ ಉಪಕೇಂದ್ರದ ನರ್ಸಮ್ಮನ ಪ್ರಸ್ತಾಪ ಇರಲಿಲ್ಲ. ಕಾಗದದ ಮೇಲೆ ಅವಳು ಎಎನ್‌ಎಂ, ಬಹುಕಾಲ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನಿಸಿಕೊಂಡಿದ್ದವಳು. ಊರಿನವರಿಗೆ ಅಂದೂ ಇಂದೂ ನರ್ಸಮ್ಮ. ಎಳೆಗೂಸಿರುವ ಮನೆಗಳಿಗೆ ಭೇಟಿ ಕೊಡುವ ನಮ್ಮ ಪದ್ಧತಿಗೆ ಸಿಕ್ಕಿರುವ ಹೊಗಳಿಕೆಯೆಲ್ಲ ಭೇಟಿಗಳ ಲೆಕ್ಕಕ್ಕೆ ಸಿಕ್ಕಿದ್ದು. ಭೇಟಿಯಲ್ಲಿ ಆಗಬೇಕಾದ ಕುಶಲ ಕೆಲಸವನ್ನೂ ಆ ಕೆಲಸ ಕಲಿತವಳನ್ನೂ ನಾವು ಮರೆತಿದ್ದೇವೆ.

ಲೆಕ್ಕ ಗೊತ್ತಿರುವುದೇ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. 2018ರಲ್ಲಿ ಇದಕ್ಕೆ 15 ತಿಂಗಳವರೆಗಿನ ಇನ್ನೂ ಐದು ಭೇಟಿಗಳು ಸೇರಿದವು. ವೇಳಾಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಮೂರನೇ ದಿನದ ಭೇಟಿಯ ಬಗ್ಗೆ. ಹುಟ್ಟಿದ ಮಗುವಿನ ತೂಕ ಮೊದಲ ದಿನಗಳಲ್ಲಿ ಶೇ. 7ರಿಂದ 10ರಷ್ಟು ಇಳಿಯುವುದು ಸಹಜ, ಎರಡು ವಾರದ ಹೊತ್ತಿಗೆ ಅದು ಮರಳಿ ಬರುತ್ತದೆ. 2.8 ಕಿಲೋ ಇದ್ದ ಕೂಸನ್ನು ಮೂರನೇ ದಿನ ತಕ್ಕಡಿಯ ಜೋಳಿಗೆಯಲ್ಲಿ ತೂಗಿದಾಗ 2.6 ಬಂತು ಅನ್ನಿ. "ಹಾಲು ಸಾಲ್ತಿಲ್ಲ ಕಣಮ್ಮ" ಎಂದು ಅಜ್ಜಿ ಅಂದೇ ಅನ್ನುತ್ತಾಳೆ. ಆ ಮಾತಿನ ಬೆನ್ನಿಗೇ ಸಕ್ಕರೆ ನೀರು, ಹಸುವಿನ ಹಾಲು, ಬಾಟಲಿ. ಬಾಟಲಿ ಬಂದ ಮೇಲೆ ಕೂಸು ಎದೆ ಚೀಪುವುದು ಕಡಿಮೆಯಾಗುತ್ತದೆ, ಚೀಪುವುದು ಕಡಿಮೆಯಾದಷ್ಟೂ ಹಾಲು ಇಳಿಯುತ್ತದೆ. ಕೊನೆಗೆ ಅಜ್ಜಿ ಹೇಳಿದ್ದೇ ನಿಜವಾಗುತ್ತದೆ.

ಇದನ್ನು ತಡೆಯುವ ವಿದ್ಯೆ ಎಲ್ಲಿಂದಲೋ ಬರಬೇಕಾಗಿಲ್ಲ. ಮಕ್ಕಳ ಕಾಯಿಲೆ ಗುರುತಿಸಲು ನರ್ಸಮ್ಮಂದಿರಿಗೆ ಕೊಡುವ ಐಎಂಎನ್‌ಸಿಐ ತರಬೇತಿಯಲ್ಲಿ ಒಂದು ಸೂಚನೆಯಿದೆ. ಕಳೆದ ಒಂದು ಗಂಟೆಯಲ್ಲಿ ಕೂಸು ಹಾಲು ಕುಡಿದಿರದಿದ್ದರೆ ಎದೆಗೆ ಹಾಕಿಕೊಳ್ಳಲು ತಾಯಿಗೆ ಹೇಳಿ ನಾಲ್ಕು ನಿಮಿಷ ನೋಡಬೇಕು. ಕುಡಿದಿದ್ದರೆ, ಸ್ವಲ್ಪ ಕಾಯಲಾದೀತೇ ಎಂದು ತಾಯಿಯನ್ನು ಕೇಳಿ, ಕೂಸು ಮತ್ತೆ ಬಾಯಿ ಹಾಕುವ ಹೊತ್ತಿಗೆ ತಿಳಿಸುವಂತೆ ಹೇಳಬೇಕು. ಇಷ್ಟೇ. ನಮ್ಮ ಆರೋಗ್ಯ ಇಲಾಖೆಯ ಸಾಹಿತ್ಯದಲ್ಲಿ ಇದಕ್ಕಿಂತ ಒಳ್ಳೆಯ ಸೂಚನೆಯನ್ನು ನಾನು ಕಂಡಿಲ್ಲ.

ನಾಲ್ಕು ನಿಮಿಷವೇ ಏಕೆ? ಮೊದಲ ನಿಮಿಷ ಸೆರಗು ಸರಿಮಾಡಿಕೊಳ್ಳುವುದರಲ್ಲಿ, ಹೊರಗಿನವರ ಎದುರು ಹುಟ್ಟುವ ಸಂಕೋಚದಲ್ಲಿ ಹೋಗುತ್ತದೆ. ಬಾಯಿಗೆ ಸಿಕ್ಕ ಕೂಡಲೇ ಕೂಸು ಬೇಗಬೇಗ ಚೀಪುತ್ತದೆ. ಅದನ್ನು ನೋಡಿ ಎದ್ದು ಬಂದವಳಿಗೆ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ. ಹಾಲು ಇಳಿದ ಮೇಲೆ ಚೀಪುವ ಲಯ ಬದಲಾಗುತ್ತದೆ: ನಿಧಾನವಾಗಿ, ಆಳವಾಗಿ, ನಡುನಡುವೆ ನಿಂತು. ಅಷ್ಟು ಹೊತ್ತು ಕೂತವಳಿಗೆ ಮಾತ್ರ ಕೂಸಿನ ಗದ್ದ ಎದೆಗೆ ತಾಗಿದೆಯೇ, ಬಾಯಿ ಅಗಲವಾಗಿ ತೆರೆದಿದೆಯೇ, ಕೆಳತುಟಿ ಹೊರಕ್ಕೆ ಮಡಚಿದೆಯೇ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತಿದೆಯೇ ಎಂದು ನಿಜವಾಗಿ ಹೇಳಲು ಸಾಧ್ಯ. ಕೂಸನ್ನು ಒಂದಿಷ್ಟು ಹತ್ತಿರಕ್ಕೆ ಒತ್ತಿ ತಿರುಗಿಸಿದರೆ ಸಾಕು ಎಂಬಲ್ಲಿಗೆ ಎಷ್ಟೋ ಸಲ "ಹಾಲು ಸಾಲದ" ಸಮಸ್ಯೆ ಮುಗಿಯುತ್ತದೆ.

ಆ ಸೂಚನೆ ಮಾತಿಗಿಂತ ಮುಂಚೆ ನೋಟವನ್ನು ಇಟ್ಟಿದೆ. ಕೂಸಿಗೆ ಹಸಿವಾಗುವವರೆಗೆ ನರ್ಸಮ್ಮ ಕಾಯಲಿ ಎನ್ನುತ್ತದೆ. ಹೊಗೆ ಹಾಕಿ ಕದ ಮುಚ್ಚಿದ ಬಾಣಂತಿ ಕೋಣೆಯೊಳಗೆ ಹೋಗಿ ಕೂರುವ ಸಲಿಗೆ ವರ್ಷಗಟ್ಟಲೆ ಅದೇ ಊರುಗಳಲ್ಲಿ ಓಡಾಡಿದ ನರ್ಸಮ್ಮನಿಗೆ ಇದೆ. ಆದರೆ ತಿಂಗಳ ವರದಿಯಲ್ಲಿ ಮೇಲಕ್ಕೆ ಹೋಗುವುದೇನು? ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದವರೆಷ್ಟು, ಭೇಟಿಗಳು ಪೂರ್ತಿಯಾದ ಮಕ್ಕಳೆಷ್ಟು. ಬಾಗಿಲಲ್ಲೇ ನಿಂತು "ಹಾಲು ಕುಡಿಸ್ತಿದೀಯೇನಮ್ಮ?" ಎಂದು ಕೇಳಿ ಹೋದ ಭೇಟಿಗೂ ನಾಲ್ಕು ನಿಮಿಷ ಕೂತು ನೋಡಿದ ಭೇಟಿಗೂ ಅಲ್ಲಿ ಬೆಲೆ ಒಂದೇ.

ಇಲ್ಲಿ ಮಹಾರಾಷ್ಟ್ರದ ಗಡಚಿರೋಲಿಯ ಉದಾಹರಣೆ ಮುಂದಿಡುವವರ ಜತೆ ನನ್ನ ಜಗಳವಿದೆ. ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ಎಳೆಗೂಸುಗಳನ್ನು ಮನೆಯಲ್ಲೇ ನೋಡಿಕೊಳ್ಳುವ, ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರ ಪ್ರಯೋಗ ಅಲ್ಲಿನ 39 ಹಳ್ಳಿಗಳಲ್ಲಿ ನವಜಾತ ಶಿಶುಮರಣವನ್ನು ಶೇ. 62ರಷ್ಟು ಇಳಿಸಿತೆಂದು 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಅದು ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳ್ಳಿಯ ಹೆಂಗಸರೇ ಇದನ್ನು ಮಾಡಬಲ್ಲರೆಂದಾದರೆ ನರ್ಸ್ ಏಕೆ ಬೇಕು ಎಂಬ ತೀರ್ಮಾನಕ್ಕೆ ಅದನ್ನು ಬಳಸುವವರು ಅರ್ಧ ಮಾತ್ರ ಓದಿದ್ದಾರೆ. ಅಲ್ಲಿನ ಕಾರ್ಯಕರ್ತೆಯರು ನಂಜಾದ ಕೂಸಿಗೆ ಜೆಂಟಾಮೈಸಿನ್ ಚುಚ್ಚುಮದ್ದು ಕೊಡುತ್ತಿದ್ದರು. ಅವರ ಕೆಲಸವನ್ನು ವೈದ್ಯರೇ ಹಳ್ಳಿಗೆ ಬಂದು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದರು. ಈ ಮಾದರಿಯನ್ನು ದೇಶಕ್ಕೆಲ್ಲ ಹರಡುವಾಗ ಚುಚ್ಚುಮದ್ದು ಆಶಾ ಕೈಗೆ ಬರಲಿಲ್ಲ. ಪಕ್ಕದಲ್ಲಿ ನಿಂತು ತಿದ್ದುವ ಕೆಲಸ ನರ್ಸಮ್ಮನ ಪಾಲಿಗೆ ಬಂತು, ಅದಕ್ಕೆ ಬೇಕಾದ ಬಿಡುವು ಬರಲಿಲ್ಲ. ಬಯಲುಸೀಮೆಯಲ್ಲಿ 5,000 ಜನರಿಗೊಂದು ಉಪಕೇಂದ್ರ. ಲಸಿಕೆ, ರಿಜಿಸ್ಟರು, ಟ್ಯಾಬ್ಲೆಟ್‌ನಲ್ಲಿ ಅದೇ ವಿವರ ಇನ್ನೊಮ್ಮೆ.

ಇನ್ನು ಕೆಲವರು ಎಎನ್‌ಎಂ ಎಂದರೆ ಕುಟುಂಬ ಯೋಜನೆಯ ಟಾರ್ಗೆಟ್ ಹೊತ್ತು ಬಂದವಳು, ಅವಳ ಮೇಲೆ ಜನರಿಗೆ ನಂಬಿಕೆ ಎಲ್ಲಿಂದ ಎನ್ನುತ್ತಾರೆ. 1973ರ ಕರ್ತಾರ್ ಸಿಂಗ್ ಸಮಿತಿ ತಾಯಿ-ಮಗುವಿನ ನರ್ಸನ್ನು ಬಹೂದ್ದೇಶ ಕಾರ್ಯಕರ್ತೆಯಾಗಿಸಲು ಹೇಳಿತು, ತುರ್ತುಪರಿಸ್ಥಿತಿ ಅವಳ ಕೈಗೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿ ಕೊಟ್ಟಿತು. ಆ ಗುರಿಗಳನ್ನು 1996ರಲ್ಲಿ ಅಧಿಕೃತವಾಗಿ ಕೈಬಿಟ್ಟಾಯಿತು. ಆದೇಶ ಬರೆದವರ ತಪ್ಪನ್ನು ಆದೇಶ ಹೊತ್ತು ನಡೆದವಳ ಲೆಕ್ಕಕ್ಕೆ ಬರೆಯುವ ವಿಮರ್ಶೆಯನ್ನು ನಾನು ಒಪ್ಪಲಾರೆ.

ಈ ವಿಮರ್ಶಕರು ಯಾರೂ ಮುಟ್ಟದ ಒಂದು ವಿಷಯವಿದೆ. ಚೊಚ್ಚಲ ಬಾಣಂತನ ನಮ್ಮಲ್ಲಿ ತವರಿನಲ್ಲಿ. ತಾಯಿ ಕಾರ್ಡ್ ಆಗಿರುವುದು ಗಂಡನ ಊರಿನಲ್ಲಿ, ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ, ಕೂಸು ಮೂರನೆಯ ಊರಿನಲ್ಲಿ. ಭೇಟಿ ಕೊಡಬೇಕಾದ ಆಶಾ ಯಾರು ಎಂಬುದೇ ತೀರ್ಮಾನವಾಗುವಷ್ಟರಲ್ಲಿ ಮೂರನೇ ದಿನ ದಾಟಿರುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ಒಂದು ಉಪಕೇಂದ್ರದ ನರ್ಸಮ್ಮ ಇನ್ನೊಂದು ಉಪಕೇಂದ್ರದವಳಿಗೆ ಮಾಡುವ ಫೋನ್: "ನಿಮ್ಮೂರಿಗೆ ನಮ್ಮ ಬಾಣಂತಿ ಬಂದವ್ಳೆ ಸಿಸ್ಟರ್, ಒಂಚೂರು ನೋಡ್ಕಳಿ."