ಜೋಳ ತಿಂದವ ತೋಳನೇ?

ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ, ರಾಗಿ ತಿಂದವ ನಿರೋಗಿ. ಈ ಗಾದೆಯ ನಡುವಿನ ತುಂಡನ್ನು ಸವದತ್ತಿ ಸೀಮೆಯ ನಾವು ನಮ್ಮ ಪಾಲಿಗೆ ಎತ್ತಿಟ್ಟುಕೊಂಡಿದ್ದೇವೆ. ಹೂಲಿಯ ಸುತ್ತಲಿನ ಎರಿಹೊಲದವರಿಗೆ ಬೇರೆ ಮಾತು ರುಚಿಸುವುದೂ ಇಲ್ಲ. ‘ರೊಟ್ಟಿ ಉಣ್ಣೋರಿಗೆ ಸಕ್ಕರಿ ಬ್ಯಾನಿ ಎಲ್ಲಿಂದ ಬರಬೇಕ್ರಿ?’ ಎಂದು ಕೇಳುವವರು ಕಟ್ಟೆಗೆ ನಾಲ್ವರು ಸಿಗುತ್ತಾರೆ. ಅವರಲ್ಲಿ ಇಬ್ಬರ ಕಿಸೆಯಲ್ಲಿ ಅದೇ ಬ್ಯಾನಿಯ ಗುಳಿಗೆ ಇರುತ್ತದೆ, ಅದು ಬೇರೆ ಮಾತು.

ನನಗೆ ರೊಟ್ಟಿಯ ಮೇಲೆ ಸಿಟ್ಟಿಲ್ಲ, ದಿನಾ ಉಣ್ಣುವವನೇ. ತಕರಾರು ಇರುವುದು ಗಾದೆಯನ್ನೇ ಆಹಾರದ ಲೆಕ್ಕವೆಂದು ನಂಬುವುದರ ಮೇಲೆ. ನಿಜವಾದ ಲೆಕ್ಕ ಬೇರೆ ಕಡೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದೇಶದ ಆರು ವಲಯಗಳಿಂದ ಮಾದರಿ ತರಿಸಿ, ಅಳೆದು, 528 ಆಹಾರಗಳ ಪಟ್ಟಿಯನ್ನು 2017ರಲ್ಲಿ ಹೊರತಂದಿತು. ಅದರ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, 10 ಗ್ರಾಂ ಪ್ರೋಟೀನ್, 67.7 ಗ್ರಾಂ ಪಿಷ್ಟ, 10.2 ಗ್ರಾಂ ನಾರು. ಗೋಧಿ ಹಿಟ್ಟಿನಲ್ಲಿ 320 ಕ್ಯಾಲೊರಿ, 10.6 ಗ್ರಾಂ ಪ್ರೋಟೀನ್, 64.2 ಗ್ರಾಂ ಪಿಷ್ಟ, 11.4 ಗ್ರಾಂ ನಾರು. ಇದರಲ್ಲಿ ತೋಳ ಎಲ್ಲಿ ಅಡಗಿದೆ? ಚಪಾತಿ ತಿಂದವನೂ ಅಷ್ಟೇ ತೋಳ. ಸಕ್ಕರೆ ಕಾಯಿಲೆಯವರು ರೊಟ್ಟಿಯನ್ನು ಲೆಕ್ಕವಿಲ್ಲದೆ ಉಣ್ಣಬಹುದೆಂಬ ಮಾತಿಗೂ ಇಲ್ಲಿ ಆಧಾರವಿಲ್ಲ. ಪಿಷ್ಟ ಪಿಷ್ಟವೇ, ಹೊಟ್ಟೆಗೆ ಹೋದ ಮೇಲೆ ಸಕ್ಕರೆಯಾಗುತ್ತದೆ. ಇನ್ನು ನಿರೋಗಿಯ ರಾಗಿ: ಸುಣ್ಣದಂಶ 364 ಮಿಲಿಗ್ರಾಂ, ಅದರಲ್ಲಿ ಅದು ನಿಜವಾದ ರಾಜ. ಪ್ರೋಟೀನಿನಲ್ಲಿ ಮಾತ್ರ ಹಕ್ಕಿಯ ಅಕ್ಕಿಗಿಂತಲೂ ತುಸು ಕಡಿಮೆ.

ಖಡಕ್ ರೊಟ್ಟಿ ಹಗುರ, ಎಷ್ಟಾದರೂ ಉಣ್ಣಬಹುದು ಎಂಬುದು ಇನ್ನೊಂದು ನಂಬಿಕೆ. ಹಗುರಾದದ್ದು ನೀರು ಆರಿದ್ದರಿಂದ. ಹಿಟ್ಟು ಅಷ್ಟೇ ಇದೆ. ತೂಕಕ್ಕೆ ತೂಕ ಇಟ್ಟು ನೋಡಿದರೆ ಬಿಸಿ ರೊಟ್ಟಿಗಿಂತ ಖಡಕ್ ರೊಟ್ಟಿಯಲ್ಲೇ ಕ್ಯಾಲೊರಿ ಹೆಚ್ಚು.

‘ಪುಸ್ತಕದ ಲೆಕ್ಕವೂ ಬದಲಾಗ್ತದಲ್ರಿ’ ಎನ್ನುವವರಿದ್ದಾರೆ. ಬದಲಾಗಿದೆ, ಹೌದು. ಇದೇ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ, ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರದ್ದು, ಜೋಳದ ನಾರು ಬರೀ 1.6 ಗ್ರಾಂ. ಜೋಳ ಬದಲಾಗಲಿಲ್ಲ, ನಾರು ಎಂದರೇನು ಎಂಬುದು ಬದಲಾಯಿತು. ಆಗ ಆಮ್ಲ, ಕ್ಷಾರದಲ್ಲಿ ಕುದಿಸಿದ ಮೇಲೂ ಉಳಿದ ಒರಟು ನಾರನ್ನಷ್ಟೇ ಎಣಿಸುತ್ತಿದ್ದರು. ಈಗ ನಮ್ಮ ಕರುಳು ಅರಗಿಸದ ಎಲ್ಲವನ್ನೂ ಎಣಿಸುತ್ತಾರೆ. ಅವಲಕ್ಕಿಯ ಕಬ್ಬಿಣಾಂಶ ಹಳೆಯದರಲ್ಲಿ 20 ಮಿಲಿಗ್ರಾಂ, ಹೊಸದರಲ್ಲಿ 4.5ರ ಆಸುಪಾಸು. ಯಾರಾದರೂ ಅಂಕಿ ಹೇಳಿದರೆ ಯಾವ ಪಟ್ಟಿಯದು, ಹಸಿಯದೋ ಬೇಯಿಸಿದ್ದೋ, ನೂರು ಗ್ರಾಮಿಗೋ ಒಂದು ರೊಟ್ಟಿಗೋ ಎಂದು ಕೇಳಬೇಕು. ಪಟ್ಟಿ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಗಾದೆಗೆ ಆ ಅಭ್ಯಾಸವಿಲ್ಲ.

ತೋಳನ ಕಥೆಗೆ ದೊಡ್ಡ ಪೆಟ್ಟು ಕೊಟ್ಟವರೂ ಅದೇ ಗೋಪಾಲನ್. 1960ರಲ್ಲಿ ಅವರೂ ಸಂಗಡಿಗ ಶ್ರೀಕಂಠಯ್ಯ ಅವರೂ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಬರಹ ಪ್ರಕಟಿಸಿದರು. ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಬಿರಿಯುವ, ಭೇದಿ ಹತ್ತುವ, ಬುದ್ಧಿ ಕದಡುವ ಪೆಲಾಗ್ರಾ ರೋಗ ದಖ್ಖನ್ನಿನಲ್ಲಿ ಜೋಳವನ್ನೇ ನೆಚ್ಚಿದ ಬಡವರಲ್ಲಿ ಕಾಣುತ್ತಿತ್ತು. ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅದಕ್ಕೆ ಕಾರಣವೆಂಬುದು ಅವರ ವಾದ. ಆ ವಾದದ ಮೇಲೆ ಮುಂದೆ ಚರ್ಚೆಗಳು ನಡೆದವು. ಆದರೆ ಜೋಳ ಬಿಟ್ಟರೆ ಬೇರೇನೂ ಇಲ್ಲದ ಗಂಗಾಳ ಯಾರನ್ನೂ ತೋಳ ಮಾಡುವುದಿಲ್ಲ ಎಂಬುದರಲ್ಲಿ ಚರ್ಚೆಯಿಲ್ಲ. ಪೆಲಾಗ್ರಾಕ್ಕೆ ಮದ್ದು ನಯಾಸಿನ್ ಎಂಬ ಬಿ ಜೀವಸತ್ವ. ಅದು ಧಾರಾಳವಾಗಿರುವ ಕಾಳುಗಳಲ್ಲಿ ಶೇಂಗಾ ಒಂದು. ಇನ್ನು ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಕಡಿಮೆ. ಹೆಸರು, ಮಡಿಕಿ, ಕಡಲಿಬ್ಯಾಳಿಯಲ್ಲಿ ಅದು ಹೆಚ್ಚು. ನಮ್ಮ ಗಂಗಾಳದಲ್ಲಿ ರೊಟ್ಟಿಯ ಪಕ್ಕಕ್ಕೆ ಶೇಂಗಾ ಚಟ್ನಿ, ಕಾಳುಪಲ್ಯ, ಝುಣಕ, ಮೊಸರು ಬಂದು ಕೂತದ್ದು ಲಿಂಬಿಹಣ್ಣಿನ ಹೋಳಿನ ಹಾಗೆ ಶೃಂಗಾರಕ್ಕಲ್ಲ. ತೋಳನ ಹಲ್ಲು ಇದ್ದದ್ದು ಅಲ್ಲಿ. ಗಾದೆ ಕಟ್ಟಿದವರು ರೊಟ್ಟಿಯನ್ನು ಹೊಗಳಿ ಚಟ್ನಿಯನ್ನು ಮರೆತರು. ಈಗ ಮನೆಗಳಲ್ಲೂ ರೊಟ್ಟಿ ಉಳಿದು ಪಕ್ಕದ್ದು ಕರಗುತ್ತಿದೆ.

ಹಾಗೆಂದು ಅಂಗಡಿಯ ಪೊಟ್ಟಣವನ್ನು ನಂಬಿ ಎಂದೂ ನಾನು ಹೇಳಲಾರೆ. ಮುಂದಿನ ಮುಖದ ದೊಡ್ಡ ಅಕ್ಷರ ಜಾಹೀರಾತು. ‘ಹೆಲ್ತ್ ಡ್ರಿಂಕ್’ ಎಂಬುದಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ; 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಬೋರ್ನ್‌ವಿಟಾದಂಥ ಪಾನೀಯಗಳನ್ನು ಆ ಹೆಸರಿನ ವಿಭಾಗದಿಂದ ತೆಗೆಯಲು ಸೂಚಿಸಬೇಕಾಯಿತು. ಹಿಂದೆ ಸಣ್ಣಕ್ಷರದಲ್ಲಿ ಇರುವ, 100 ಗ್ರಾಮಿನ ಲೆಕ್ಕದ ಕೋಷ್ಟಕವೇ ಓದತಕ್ಕದ್ದು. ದಿನಕ್ಕೆ ಸೇರಿಸಿದ ಸಕ್ಕರೆ 50 ಗ್ರಾಂ, ಉಪ್ಪು 5 ಗ್ರಾಂ ದಾಟಬಾರದೆಂಬ ಅಳತೆ ನೆನಪಿದ್ದರೆ ಸಾಕು.

ರೊಟ್ಟಿಗೆ ಕೋಷ್ಟಕ ಅಂಟಿಸುವವರಿಲ್ಲ ಎಂದು ಕೊರಗಬೇಕಿಲ್ಲ. ಹಿಟ್ಟಿನ ಗಿರಣಿಯಲ್ಲಿ ತಕ್ಕಡಿ ಇದೆ, ಬೀಸುವ ಕೂಲಿ ಕಿಲೋ ಲೆಕ್ಕದಲ್ಲೇ ಕೊಡುತ್ತೇವೆ. ಐದು ಮಂದಿಯ ಮನೆ ತಿಂಗಳಿಗೆ 30 ಕಿಲೋ ಜೋಳ ಬೀಸಿಸಿದರೆ ತಲೆಗೆ ದಿನಕ್ಕೆ 200 ಗ್ರಾಂ. ಅಂದರೆ 20 ಗ್ರಾಂ ಪ್ರೋಟೀನ್. 65 ಕಿಲೋ ತೂಕದ ಗಂಡಸಿಗೆ ಬೇಕಾದದ್ದು ದಿನಕ್ಕೆ 54 ಗ್ರಾಂ. ಮುಂದಿನ ಸಲ ಗಿರಣಿಗೆ ಹೋದಾಗ ನಿಮ್ಮ ಮನೆಯ ತೂಕ ಕೇಳಿ ಬರೆದಿಟ್ಟುಕೊಳ್ಳಿ; ಉಳಿದದ್ದು ಎಲ್ಲಿಂದ ಬರುತ್ತಿದೆ ಎಂದು ಆ ರಾತ್ರಿ ಊಟಕ್ಕೆ ಕೂತಾಗ ರೊಟ್ಟಿಯ ಪಕ್ಕ ನೋಡಿ.