ಊತ ಇಳಿಯುವ ತನಕ

ಮುಂಬೈ–ಬೆಂಗಳೂರು ಹೆದ್ದಾರಿ ಕಾತ್ರಜ್ ಸುರಂಗ ದಾಟಿ ಪುಣೆಯ ನವಲೆ ಸೇತುವೆಯತ್ತ ಇಳಿಯುವ ಜಾಗ ಅಪಘಾತಗಳಿಗೆ ಕುಖ್ಯಾತ. ಇಂಥ ಡಿಕ್ಕಿಯಲ್ಲಿ ತೊಡೆಮೂಳೆಯ ತುದಿ ಸುತ್ತಿಗೆಯಂತೆ ಬಡಿದರೆ, ಅದನ್ನು ಹೊತ್ತ, ಮಂಡಿಯ ಕೆಳಗಿನ ಟಿಬಿಯಾ ಮೂಳೆಯ ತಲೆ ಒಡೆಯುತ್ತದೆ, ಕುಸಿಯುತ್ತದೆ. ಕಟ್ಟಡದ ಸಾರುವೆಯಿಂದ ಬಿದ್ದವರಿಗೂ ಇದೇ ಗತಿ. ಇದಕ್ಕೆ ಇಂದು ರೂಢಿಯಲ್ಲಿರುವುದು ಎರಡು ಹಂತದ ಚಿಕಿತ್ಸೆ. ಮೊದಲು ಮೊಣಕಾಲಿನ ಮೇಲೆ ಕೆಳಗೆ ಮೊಳೆ ಕೂರಿಸಿ ಹೊರಗಿನಿಂದ ಸರಳು ಬಿಗಿಯುತ್ತಾರೆ. ಊತ ಇಳಿದ ಮೇಲೆ ಕೀಲನ್ನು ಸರಿಪಡಿಸಿ ಪ್ಲೇಟ್ ಹಾಕುತ್ತಾರೆ. ಮೂಳೆಗಿಂತ ಮೊದಲು ಅದರ ಮೇಲಿನ ಚರ್ಮ–ಮಾಂಸಕ್ಕೆ ಬೆಲೆ ಕೊಡುವ ಈ ಕ್ರಮವೇ ಸರಿ ಎಂಬುದು ನನ್ನ ವಾದ.

ರೋಗನಿರ್ಣಯದಿಂದಲೇ ಇದಕ್ಕೆ ಆಧಾರ ಸಿಗುತ್ತದೆ. 1979ರಲ್ಲಿ ಜೋಸೆಫ್ ಶಾಟ್ಜ್‌ಕರ್ ಮಾಡಿದ ಆರು ಬಗೆಯ ವಿಂಗಡಣೆಯನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಅದು ಎಕ್ಸ್‌ರೇ ಆಧರಿಸಿದ್ದು. ಮೂಳೆಯ ಹಿಂಭಾಗದ ಚೂರು ಅದರಲ್ಲಿ ಸುಲಭವಾಗಿ ಮರೆಯಾಗುತ್ತದೆ. ಸಿ.ಟಿ. ಸ್ಕ್ಯಾನ್ ಆ ಕೊರತೆಯನ್ನು ತುಂಬಿತು. ಆದರೆ ಎರಡೂ ತೋರಿಸುವುದು ಮೂಳೆಯನ್ನೇ. ಒಳಬದಿಯಷ್ಟೇ ಮುರಿದ ನಾಲ್ಕನೆಯ ಬಗೆ ಚಿತ್ರದಲ್ಲಿ ಸೌಮ್ಯವಾಗಿ ಕಂಡರೂ, ಕೀಲು ಜಾರಿ ಮಂಡಿಯ ಹಿಂದಿನ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಪಾದದ ನಾಡಿ ಮುಟ್ಟಿ ನೋಡಿದ ಕೈ, ಮೀನಖಂಡ ಕಲ್ಲಾಗಿದೆಯೇ ಎಂದು ಒತ್ತಿ ನೋಡಿದ ಬೆರಳು ಹೇಳುವುದನ್ನು ಯಾವ ಎಕ್ಸ್‌ರೇಯೂ ಹೇಳದು. ಚಿಕಿತ್ಸೆಯಲ್ಲೂ ಹಾಗೆಯೇ. ಊದಿ ಗುಳ್ಳೆ ಎದ್ದ ಚರ್ಮವನ್ನು ಅವಸರದಲ್ಲಿ ಕೊಯ್ದರೆ ಗಾಯ ಕೂಡದೆ, ಸೋಂಕು ಪ್ಲೇಟಿನವರೆಗೂ ಇಳಿಯುತ್ತದೆ. 2006ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು 83 ತೀವ್ರ ಮುರಿತಗಳಲ್ಲಿ ತೆರೆದು ಪ್ಲೇಟ್ ಹಾಕುವುದನ್ನೂ ಬಳೆಯಾಕಾರದ ಹೊರಚೌಕಟ್ಟನ್ನೂ ಹೋಲಿಸಿತು. ಮೂಳೆ ಕೂಡಿಸಿದ ಗುಣಮಟ್ಟ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದರೂ, ಹೊರಚೌಕಟ್ಟಿನವರಿಗೆ ತೊಡಕು ಕಡಿಮೆಯಾಗಿ ಅವರು ಬೇಗ ಮನೆಗೆ ಹೋದರು. ಮೂಳೆಯ ಜೋಡಣೆ ಸಮನಾಗಿದ್ದೂ ಫಲ ಬೇರೆಯಾದುದಕ್ಕೆ, ಮಾಂಸಕ್ಕಾದ ಪೆಟ್ಟಿನ ಅಂತರವೇ ಮುಖ್ಯ ಕಾರಣವೆಂದು ನಾನು ಓದಿಕೊಳ್ಳುತ್ತೇನೆ.

ಕಾಯಿಸುವುದು ನಿರ್ಲಕ್ಷ್ಯವಲ್ಲವೇ ಎಂದು ಮನೆಯವರು ಕೇಳುವುದು ಸಹಜ. ಮೂರು ವಾರ ಮೀರಿದರೆ ಚೂರುಗಳು ಅಂಟಿಕೊಂಡು ಜಾಗಕ್ಕೆ ಕೂರುವುದು ಕಷ್ಟವೆಂಬುದೂ ನಿಜ. ಆದ್ದರಿಂದ ಈ ಕಾಯುವಿಕೆಗೆ ಗಡಿಯಿದೆ: ಚರ್ಮದಲ್ಲಿ ಮತ್ತೆ ಸುಕ್ಕು ಮೂಡುವವರೆಗೆ, ಸಾಮಾನ್ಯವಾಗಿ ಒಂದೆರಡು ವಾರ. ರಕ್ತನಾಳ ಹರಿದಿದ್ದರೆ, ಮಾಂಸಖಂಡದೊಳಗೆ ಒತ್ತಡ ಏರಿದ್ದರೆ, ಮೂಳೆ ಹೊರಬಂದಿದ್ದರೆ ಕಾಯುವ ಮಾತೇ ಇಲ್ಲ. ಅಲ್ಲಿ ಗಂಟೆಗಳ ಲೆಕ್ಕ. ಇನ್ನೂ ಗಟ್ಟಿಯಾದ ಆಕ್ಷೇಪ ಹಣದ್ದು. ವಿಜಯಪುರ, ಕಲಬುರಗಿಯಿಂದ ಪುಣೆಗೆ ಕೂಲಿಗೆ ಬಂದವರಿಗೆ ಎರಡು ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಹಾಸಿಗೆ ಎಂದರೆ ಸಾಲ. ಇದನ್ನು ತಳ್ಳಿಹಾಕಲಾಗದು. ಆದರೆ ಸೋಂಕು ತಗಲಿದ ಪ್ಲೇಟನ್ನು ತೆಗೆದು, ಮತ್ತೆ ಮತ್ತೆ ತೊಳೆಸಿ, ಕೊನೆಗೆ ಮಂಡಿ ಮಡಚಲಾಗದೆ ಕೂಲಿಯನ್ನೇ ಕಳೆದುಕೊಳ್ಳುವುದಕ್ಕೆ ಆಗುವ ವೆಚ್ಚ ಅದಕ್ಕಿಂತ ಎಷ್ಟೋ ಹೆಚ್ಚು. ಈ ಆಕ್ಷೇಪಕ್ಕೆ ಪರಿಹಾರ ಅವಸರದ ಚಾಕುವಲ್ಲ. ಎರಡು ಹಂತವನ್ನೂ ಒಂದೇ ಚಿಕಿತ್ಸೆಯೆಂದು ಭರಿಸುವ ಸರ್ಕಾರಿ ನೆರವು, ಮತ್ತು ಏಕೆ ಕಾಯುತ್ತಿದ್ದೇವೆಂದು ರೋಗಿಯ ಭಾಷೆಯಲ್ಲಿ ಹೇಳುವ ವೈದ್ಯರು. ಆ ಮಾತು ತಲುಪದಿದ್ದರೆ ವಾರ್ಡಿನ ಹಾಸಿಗೆಯಲ್ಲಿ ಮಲಗಿದವನಿಗೆ ಸರಿಯಾದ ಚಿಕಿತ್ಸೆಯೂ ತಾತ್ಸಾರದಂತೆಯೇ ಕಾಣುತ್ತದೆ.