ಅಂಗಡಿ ರೊಟ್ಟಿಯ ಪರವಾಗಿ

ಉತ್ತರ ಕರ್ನಾಟಕದ ಊಟದ ಬಗ್ಗೆ ಬರೆಯುವವರಲ್ಲಿ ಬಹುಪಾಲು ಮಂದಿ ಕೊನೆಗೆ ಒಂದೇ ದೂರಿಗೆ ಬಂದು ನಿಲ್ಲುತ್ತಾರೆ. ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು, ಹೆಣ್ಣುಮಕ್ಕಳು ಅಂಗಡಿಯಿಂದ ರೊಟ್ಟಿ ತರುತ್ತಿದ್ದಾರೆ, ಒಲೆ ಪಾಕೀಟಿಗೆ ಸೋತಿತು. ರಾಯಚೂರು ಸೀಮೆಯ ಊಟ ನನಗೂ ಅವರಷ್ಟೇ ಪ್ರೀತಿಯದು. ಆದರೂ ಈ ದೂರು ಇತಿಹಾಸದ ದೃಷ್ಟಿಯಿಂದ ತಪ್ಪು, ರುಚಿಯ ವಿಮರ್ಶೆಯಾಗಿ ಸೋಮಾರಿತನ ಎಂದೇ ನನ್ನ ವಾದ.

ಖಡಕ್ ರೊಟ್ಟಿಯಿಂದಲೇ ಶುರು ಮಾಡೋಣ. ಅದು ಹುಟ್ಟಿದ್ದೇ ದಿನಾ ಒಲೆ ಹಚ್ಚದೆ ಉಣ್ಣುವುದಕ್ಕೆ. ತೆಳ್ಳಗೆ ಬಡಿದು, ಬೇಯಿಸಿ, ನೀರಿನಂಶವೆಲ್ಲ ಹೋಗುವಂತೆ ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರ ಚೀಲದಲ್ಲಿ ಬಟ್ಟೆಯ ಜೊತೆ ಇರುವುದು ಇದೇ ರೊಟ್ಟಿ, ಜೊತೆಗೊಂದಿಷ್ಟು ಶೇಂಗಾ ಹಿಂಡಿ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತದೆ. ಅದನ್ನು ಉಣ್ಣುವವರು ಯಾರೂ ಅದು ಯಾರ ಮನೆಯ ಹಂಚಿನ ಮೇಲೆ ಬೆಂದದ್ದೆಂದು ಕೇಳುವುದಿಲ್ಲ. ಬೇರೆಯವರು ಬಡಿದ, ಹಿಂದೆಂದೋ ಬಡಿದ ರೊಟ್ಟಿ ಜಾತ್ರೆಯಲ್ಲಿ ಪ್ರಸಾದ, ರಾಯಚೂರಿನ ತೀನ್ ಕಂದೀಲ್ ಹತ್ತಿರದ ಅಂಗಡಿಯಲ್ಲಿ ಮಾತ್ರ ಸಂಸ್ಕೃತಿಯ ಪತನ. ಈ ಲೆಕ್ಕ ನನಗೆ ಹತ್ತುವುದಿಲ್ಲ.

ಮಂಡಾಳಿನ, ಅಂದರೆ ಮಂಡಕ್ಕಿಯ, ವಿಷಯದಲ್ಲಂತೂ ದೂರುವವರು ಜಾಣ ಮೌನಕ್ಕೆ ಶರಣಾಗುತ್ತಾರೆ. ಒಗ್ಗರಣಿ–ಮಿರ್ಚಿ ಇಲ್ಲದ ರಾಯಚೂರನ್ನು ಯಾರೂ ಊಹಿಸಲಾರರು; ಗಡಿ ದಾಟಿ ಕರ್ನೂಲಿಗೆ ಹೋದರೆ ಅದೇ ತಿನಿಸು ಉಗ್ಗಾನಿ–ಬಜ್ಜಿಯಾಗಿ ಸಿಗುತ್ತದೆ. ಆದರೆ ಮಂಡಾಳನ್ನು ಮನೆಯಲ್ಲಿ ಹುರಿದವರು ಯಾರು? ಭತ್ತ ನೆನೆಸಿ, ಕುದಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಕಾದ ಮರಳಿನಲ್ಲಿ ಅರಳಿಸುವ ಆ ಉದ್ದದ ಕೆಲಸ ಭಟ್ಟಿಯವರದು. ಪುಠಾಣಿಯೂ ಹಾಗೆಯೇ ಭಟ್ಟಿಯಿಂದ ಬಂದದ್ದು. ಮನೆಯಲ್ಲಿ ಆಗುವುದು ಕೊನೆಯ ಹತ್ತು ನಿಮಿಷದ ಕೆಲಸ: ಮಂಡಾಳನ್ನು ನೀರಿಗೆ ಹಾಕಿ ಹಿಂಡಿ ತೆಗೆ, ಉಳ್ಳಾಗಡ್ಡಿ–ಹಸಿಮೆಣಸಿನಕಾಯಿ ಒಗ್ಗರಣಿ ಹಾಕು, ಪುಠಾಣಿ ಹಿಟ್ಟು ಉದುರಿಸು, ನಿಂಬೆಹಣ್ಣು ಹಿಂಡು. ಕಾರ್ಖಾನೆಯ ಅರೆಸಿದ್ಧ ಆಹಾರದ ಎಲ್ಲ ಲಕ್ಷಣವೂ ಇದಕ್ಕಿದೆ, ಬಣ್ಣದ ಪಾಕೀಟು ಒಂದನ್ನು ಬಿಟ್ಟು. ನಮ್ಮ ಪರಂಪರೆಯೆಂದು ಎದೆ ತಟ್ಟಿಕೊಳ್ಳುವ ತಿನಿಸೇ ಅಂಗಡಿಯ ಸಾಮಾನಿನ ಮೇಲೆ ನಿಂತಿದೆ.

ಇದಕ್ಕೆ ಬರುವ ಉತ್ತರ ಗೊತ್ತು: ಬಿಸಿ ರೊಟ್ಟಿಯ ರುಚಿ ಖಡಕ್ ರೊಟ್ಟಿಗೆ ಎಲ್ಲಿಂದ ಬರಬೇಕು? ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವು ಒಂದೇ ಹಿಟ್ಟಿನ ಎರಡು ಬೇರೆ ಪದಾರ್ಥಗಳು. ಬಿಸಿ ರೊಟ್ಟಿಗೆ ಪುಂಡಿಪಲ್ಯ ಹೊಂದುತ್ತದೆ. ಖಡಕ್ ರೊಟ್ಟಿ ಗಟ್ಟಿ ಮೊಸರು, ಹಿಂಡಿ, ಹಸಿ ಉಳ್ಳಾಗಡ್ಡಿ ಕೇಳುತ್ತದೆ. ಮುರಿದು ಒಗ್ಗರಣಿ ಹಾಕಿದರೆ ಅದೇ ಇನ್ನೊಂದು ಊಟ. ಆದರೆ ಬಿಸಿ ರೊಟ್ಟಿಯ ಗುಣಗಾನದಲ್ಲಿ ನನ್ನನ್ನು ಕೆಣಕುವುದು ಬೇರೆ ಸಂಗತಿ. ಬಿಸಿ ರೊಟ್ಟಿ ಉಂಡವರು ಅದರ ಬಗ್ಗೆ ಬರೆದಿದ್ದಾರೆ. ಬಡಿದವರು ಬರೆದದ್ದು ಅಪರೂಪ. ರೊಟ್ಟಿ ಒಂದೊಂದಾಗಿ ಹಂಚಿನಿಂದ ತಟ್ಟೆಗೆ ಹೋಗುತ್ತಿರುವಷ್ಟು ಹೊತ್ತೂ ಬಡಿಯುವಾಕೆ ಒಲೆಯ ಮುಂದೆಯೇ ಇರಬೇಕು, ಎಲ್ಲರದೂ ಆದಮೇಲೆ ಉಣ್ಣಬೇಕು. ದಿನವಿಡೀ ಹತ್ತಿ ಬಿಡಿಸಿ ಅಥವಾ ಗದ್ದೆಯಲ್ಲಿ ಸಸಿ ನಾಟಿ ಸಂಜೆ ಮನೆಗೆ ಬಂದ ಹೆಣ್ಣುಮಗಳಿಗೆ ‘ಅಂಗಡಿ ರೊಟ್ಟಿ ತಂದ್ಯಾ’ ಎಂದು ಮೂಗು ಮುರಿಯುವ ವಿಮರ್ಶೆಗೆ ರುಚಿಯ ಹಂಗಿಗಿಂತ ಯಜಮಾನಿಕೆಯ ಹಂಗೇ ಹೆಚ್ಚು.

ಇನ್ನು, ಅಂಗಡಿಯದು ಬೇಡ ಎನ್ನುವವರೇ ತಡಮಾಡದೆ ಒಪ್ಪಿಕೊಳ್ಳುವ ಸಾಮಾನೊಂದಿದೆ. ಅದು ಪಾಕೀಟಿನ ಜೋಳದ ಹಿಟ್ಟು. ಹಿಟ್ಟು ತಂದು ಮನೆಯಲ್ಲಿ ಬಡಿದರೆ ‘ಮನೆ ರೊಟ್ಟಿ’ ಆಗುತ್ತದಂತೆ. ನಾನು ಕಂಡಂತೆ ಇದೇ ಎಲ್ಲಕ್ಕಿಂತ ಕೆಟ್ಟ ಖರೀದಿ. ಗೋಧಿಗಿರುವ ಗ್ಲುಟೆನ್ ಜೋಳಕ್ಕಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಬರುವ ಅಂಟೇ ರೊಟ್ಟಿಯನ್ನು ಹಿಡಿದಿಡಬೇಕು. ಬೀಸಿದ ಹಿಟ್ಟು ಹಳತಾದಂತೆ ಆ ಜಿಗಿ ಹೋಗುತ್ತದೆ, ಕೊಬ್ಬಿನಂಶ ಕಮಟುತ್ತದೆ. ರೊಟ್ಟಿಯ ಅಂಚು ಬಿರಿಯುತ್ತದೆ, ಎತ್ತುವಾಗ ಹರಿಯುತ್ತದೆ, ಉಬ್ಬುವುದಿಲ್ಲ, ತುದಿಯಲ್ಲಿ ಸಣ್ಣ ಕಹಿ. ಅದಕ್ಕೇ ನಮ್ಮ ಕಡೆ ಮನೆಗಳಲ್ಲಿ ಕಾಳು ಚೀಲಗಟ್ಟಲೆ ಇಟ್ಟರೂ ಗಿರಣಿಗೆ ಸ್ವಲ್ಪ ಸ್ವಲ್ಪವೇ ಒಯ್ಯುವುದು. ಎರೆಭೂಮಿಯ ಮಾಲದಂಡಿ ಜೋಳವನ್ನು ಬೀಸಿದ ವಾರದೊಳಗೇ ಬಡಿದು ಒಣಗಿಸಿದ ಅಂಗಡಿ ರೊಟ್ಟಿಯ ಮುಂದೆ, ತಿಂಗಳುಗಟ್ಟಲೆ ಪಾಕೀಟಿನಲ್ಲಿ ಕೂತ ಹಿಟ್ಟಿನ ‘ಮನೆ ರೊಟ್ಟಿ’ ನಿಲ್ಲುವುದಿಲ್ಲ. ಕೊಂಡದ್ದೋ ಮಾಡಿದ್ದೋ ಎಂದಷ್ಟೇ ಕೇಳುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಕೆಲಸವನ್ನು ಯಾವ ಹಂತದಲ್ಲಿ ನಿಲ್ಲಿಸಿ ಕೊಂಡಿರಿ ಎಂಬುದನ್ನು ಅವರು ಕೇಳಬೇಕಿತ್ತು. ಜೋಳ ಕಾಳಾಗಿ ಬಾಳುತ್ತದೆ, ಒಣರೊಟ್ಟಿಯಾಗಿ ಬಾಳುತ್ತದೆ. ನಡುವಿನ ಹಿಟ್ಟಿಗೆ ಆಯುಸ್ಸಿಲ್ಲ.

ಹಾಗಾದರೆ ಅಂಗಡಿಯಲ್ಲಿ ಸಿಗುವುದೆಲ್ಲ ಒಳ್ಳೆಯದೇ? ಇಲ್ಲ, ಮತ್ತು ಇಲ್ಲಿ ನನ್ನ ಜಗಳ ಇನ್ನೊಂದು ಬಣದ ಜೊತೆ. ‘ಅರ್ಧ ಗಂಟೆಯಲ್ಲಿ ರಾತ್ರಿಯ ಊಟ’ ಎಂದು ರೆಡಿ ಗ್ರೇವಿ, ಶುಂಠಿ–ಬೆಳ್ಳುಳ್ಳಿ ಪೇಸ್ಟು, ಇನ್‌ಸ್ಟಂಟ್ ಮಿಕ್ಸ್ ಪಟ್ಟಿ ಮಾಡುವ ಅಂಕಣಗಳು ಬೆಂಗಳೂರಿನ ಸಮಸ್ಯೆಗೆ ಬೆಂಗಳೂರಿನ ಉತ್ತರ ಕೊಡುತ್ತವೆ. ಆ ಉತ್ತರಕ್ಕೂ ಒಂದು ಗೌರವದ ಚರಿತ್ರೆಯಿದೆ. 1924ರಲ್ಲಿ ಶುರುವಾದ ಎಂಟಿಆರ್ ಎರಡನೇ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿಗೆ ಬಂತು, 1970ರ ದಶಕದ ತುರ್ತುಪರಿಸ್ಥಿತಿಯ ಬೆಲೆ ನಿಯಂತ್ರಣದಲ್ಲಿ ಪಾಕೀಟಿನ ಮಿಕ್ಸ್‌ಗೆ ಹೊರಳಿತು. ಎರಡೂ ಕೊರತೆಯ ಮಕ್ಕಳು, ಅವನ್ನು ಹಳಿಯಲಾರೆ. ಆದರೆ ನೆನೆಸುವುದು, ರುಬ್ಬುವುದು, ಹುದುಗಿಸುವುದು ಇರುವ ಅಡುಗೆಗೆ ಮಿಕ್ಸ್ ಬೇಕು. ನಮ್ಮ ಬ್ಯಾಳಿಗೆ ಬೇಕಾಗುವುದು ನಾಲ್ಕು ಎಸಳು ಬೆಳ್ಳುಳ್ಳಿ, ಒಣಖಾರ, ಸ್ವಲ್ಪ ಹುಣಸೆಹುಳಿ. ಜಜ್ಜಲು ಒಂದು ನಿಮಿಷ ಹಿಡಿಯುವ ಬೆಳ್ಳುಳ್ಳಿಗೆ ಬದಲು ವಿನೆಗರ್ ವಾಸನೆಯ ಪೇಸ್ಟು ಹಾಕುವುದು ಉಳಿತಾಯವಲ್ಲ, ಊಟದ ಮುಖವನ್ನೇ ಒರೆಸಿ ಹಾಕುವುದು.

1983ರಲ್ಲಿ ಭಾರತಕ್ಕೆ ಬಂದ ಎರಡು ನಿಮಿಷದ ನೂಡಲ್ಸ್ ಈಗ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಜೋತಾಡುತ್ತದೆ. ಅದರ ಮೈದಾ, ಉಪ್ಪಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನನ್ನ ಆಕ್ಷೇಪ ಬೇರೆ: ಅದು ಪಕ್ಕದಲ್ಲಿ ಏನನ್ನೂ ಕೇಳುವುದಿಲ್ಲ. ಖಡಕ್ ರೊಟ್ಟಿ ಒಂದನ್ನು ತಟ್ಟೆಗಿಟ್ಟರೆ ಮೊಸರು, ಸೌತಿಕಾಯಿ, ಮೆಂತ್ಯ ತಪ್ಪಲು, ಹಿಂಡಿ ತಾವಾಗಿಯೇ ಬಂದು ಕೂಡುತ್ತವೆ.

ಪರಂಪರೆ ಕೆಟ್ಟಿತೆನ್ನುವವರು ಮಾನ್ವಿಯ ಕಡೆ ಒಮ್ಮೆ ಕಣ್ಣು ಹಾಯಿಸಲಿ. ಜೋಳದ ಊಟವನ್ನು ಅಲ್ಲಿ ಪಾಕೀಟು ಕದಲಿಸಲಿಲ್ಲ, ಕಾಲುವೆ ಕದಲಿಸಿತು. 1953ರಲ್ಲಿ ತುಂಗಭದ್ರೆಗೆ ಕಟ್ಟೆ ಬಿದ್ದು ಎಡದಂಡೆ ಕಾಲುವೆಯ ನೀರು ಬಂದಮೇಲೆ ಗದ್ದೆಗಳು ಹಬ್ಬಿದವು, ಆಂಧ್ರದಿಂದ ಬಂದವರ ಕ್ಯಾಂಪುಗಳಾದವು, ಅಕ್ಕಿ ಗಿರಣಿಗಳೆದ್ದವು. ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೂ ನೀರು ತಂದಿತು. 2013ರ ಅನ್ನಭಾಗ್ಯ ಉಳಿದ ಮನೆಗಳ ರಾತ್ರಿಯ ಒಲೆಯ ಮೇಲೂ ಅನ್ನವಿಟ್ಟಿತು. ಅನ್ನ ಸುಲಭ, ಕುಕ್ಕರಿನಲ್ಲಿಟ್ಟರೆ ತಾನೇ ಆಗುತ್ತದೆ, ರೊಟ್ಟಿಗಾದರೆ ಕೈ ಬೇಕು. ಈ ಸ್ಪರ್ಧೆಯಲ್ಲಿ ವಾರದ ನಡುವಿನ ರಾತ್ರಿಯ ತಟ್ಟೆಯಲ್ಲಿ ಜೋಳವಿನ್ನೂ ಉಳಿದಿದ್ದರೆ ಅದರಲ್ಲಿ ಅಂಗಡಿಯ ಖಡಕ್ ರೊಟ್ಟಿಯ ಪಾಲು ದೊಡ್ಡದು. ಜೋಳದ ಕೊಲೆಗಾರನೆಂದು ಇವರು ಬೆರಳು ತೋರಿಸುತ್ತಿರುವುದು ಅದನ್ನು ಬದುಕಿಸಿದವನ ಕಡೆಗೆ.

ನಾನು ತಲೆಬಾಗಿ ಕೇಳುವ ಆಕ್ಷೇಪ ಒಂದೇ. ನನ್ನ ಮನೆಯ ಹೆಣ್ಣುಮಗಳ ಕೈ ಬಿಡುಗಡೆಯಾದರೆ ಇನ್ನಾರೋ ಹೆಣ್ಣುಮಗಳ ಕೈ ಹೊಗೆಯಲ್ಲಿ ಉಳಿಯಿತಲ್ಲ? ನಿಜ. ಬೆಂಕಿಯ ಮುಂದೆ ಕೂತು ದಿನವಿಡೀ ಬಡಿಯುವುದು ಕಷ್ಟದ ದುಡಿಮೆ. ಆದರೆ ಅದಕ್ಕೀಗ ಒಂದು ದರವಿದೆ. ಮನೆಯಲ್ಲಿ ಬಡಿದಾಗ ಆ ದರ ಸೊನ್ನೆಯಾಗಿತ್ತು. ಆ ದರ ತೀರ ಕಡಿಮೆ ಎನ್ನುವುದಾದರೆ ನಾನೂ ದನಿಗೂಡಿಸುತ್ತೇನೆ: ಪಿಜ್ಜಾಕ್ಕೆ ಮರುಮಾತಿಲ್ಲದೆ ಕೊಡುವವರು ರೊಟ್ಟಿಗೆ ಒಂದು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿಗಿಳಿಯುತ್ತಾರೆ. ಯಂತ್ರ ಒತ್ತಿದ, ಹಪ್ಪಳದಂತೆ ಪುಡಿಯಾಗುವ ಅಗ್ಗದ ರೊಟ್ಟಿಗೆ ದಾರಿಯಾಗುವುದು ಈ ಚೌಕಾಸಿಯಿಂದಲೇ.

ಅಂಗಡಿಯವರ ಮೇಲೆ ನನ್ನದೂ ಒಂದು ತಕರಾರಿದೆ. ಪಾಕೀಟಿನ ಮೇಲೆ ಕಟ್ಟಿದ ತಾರೀಕು ಇದ್ದರೆ ಸಾಲದು. ಹಿಟ್ಟು ಬೀಸಿದ್ದು ಯಾವತ್ತು, ರೊಟ್ಟಿ ಬಡಿದದ್ದು ಯಾವತ್ತು, ಹಿಂಡಿಗೆ ಶೇಂಗಾ ಹುರಿದದ್ದು ಯಾವತ್ತು ಎಂಬುದನ್ನೂ ಬರೆಯಲಿ. ಕಮಟು ಹಿಂಡಿಗೆ ಖಾರ ಹೆಚ್ಚಿಸಿ ಮುಚ್ಚುವ ಚಾಳಿ ಆಗ ನಿಂತೀತು.